ಎರಡನೇ ಸೈರನ್

೧೪ನೇ ತಾರೀಕು, ಗುರುವಾರ.

ಕಣ್ಣು ಮುಚ್ಚಿದರೆ ಅದೇ ಕೆಟ್ಟ ಕನಸು. ಬೀದಿ ತುಂಬ ಜನ ತಲೆ ತಗ್ಗಿಸಿ ನಿಂತಿದ್ದಾರೆ, ಯಾರಿಗೂ ಉಸಿರಿಲ್ಲ. ಎದ್ದು ಕೂತು ಬರೆಯುತ್ತಿದ್ದೇನೆ.

ಇವತ್ತು ಪ್ರಧಾನಿಯವರ ಅಂತ್ಯಕ್ರಿಯೆ. ಗಿರಣಿಯ ಸೈರನ್ ಒಮ್ಮೆ ಕೂಗಿದರೆ ಊರೆಲ್ಲ ಮೌನವಾಗಿ ನಿಲ್ಲಬೇಕು, ಮತ್ತೆ ಕೂಗಿದರೆ ಮುಗಿಯಿತು ಅಂತ ಅಪ್ಪಣೆ. ಸ್ವಿಚ್ಚು ನನ್ನ ಕೈಲಿ. ಮೊದಲನೆಯದು ಕೂಗಿತು. ಎರಡನೆಯದಕ್ಕೆ ಹಾಳು ಕರೆಂಟೇ ಇಲ್ಲ. ಕಿಟಕಿಯಿಂದ ನೋಡಿದೆ. ಬಸ್ಸಿನವನು, ತರಕಾರಿಯವಳು, ಪೊಲೀಸು, ಒಬ್ಬರೂ ಅಲುಗಲಿಲ್ಲ. ಮೊದಲು ಯಾರು ಅಲುಗುತ್ತಾರೋ ಎಂದು ಓರೆಗಣ್ಣಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಕಾಯುತ್ತಿದ್ದರು. ಕೊನೆಗೆ ಒಂದು ಮಗು ಚೀರಿತು. ಆಮೇಲೆ ಒಬ್ಬೊಬ್ಬರಾಗಿ, ಸದ್ದಿಲ್ಲದೆ ಹೋದರು.

ಕರೆಂಟ್ ಬಂದಾಗ ಸ್ವಿಚ್ಚಿಗೆ ಕೈ ಹಾಕಿದೆ. ಮೇಸ್ತ್ರಿ ಕೈ ಹಿಡಿದ. "ಬೇಡ್ವೋ ಪುಣ್ಯಾತ್ಮ, ಈಗ ಕೂಗಿಸಿದ್ರೆ ಮತ್ತೆ ನಿಂತ್ಬಿಡ್ತಾರೆ!"

ಮನೆಗೆ ಬಂದರೆ ಅಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಹಾಲು ಸೀದು ಪಾತ್ರೆ ಕರ್ರಗಾಗಿತ್ತು. ಅವಳ ಕಾಲುಗಳು ಊದಿದ್ದವು.

"ಮುಗೀತಮ್ಮ, ಕೂತ್ಕೋ."

ತಲೆ ಎತ್ತದೆ ಪಿಸುಗುಟ್ಟಿದಳು. "ಸೈರನ್ ಎಲ್ಲೋ ಕೂಗ್ತು? ಇರೋದೊಂದು ಕೆಲ್ಸ, ಅದನ್ನೂ ನೆಟ್ಟಗೆ ಮಾಡ್ಲಿಲ್ವಲ್ಲ ನೀನು."

ನಾನೂ, ಅಷ್ಟರಲ್ಲಿ ಹೊರಗಿನಿಂದ ಬಂದ ಹೆಂಡತಿಯೂ ಎತ್ತಿಕೊಂಡು ಹೋಗಿ ಮಲಗಿಸಿದೆವು. ಮಂಡಿ ಮಡಚಲೇ ಇಲ್ಲ. ಆ ವಯಸ್ಸಿಗೆ ಹಾಗೆ ನಿಂತರೆ ಎದೆ ಏನಾದೀತು? ಈಗಷ್ಟೇ ಹೆಂಡತಿ ಅಮ್ಮನ ಕೋಣೆಗೆ ಹೋಗಿ ಬಂದಳು.

"ಅತ್ತೆಗೆ ನಿದ್ದೆ ಹತ್ತಿದೆ, ನೀವೂ ಸುಮ್ನೆ ಬಿದ್ಕೊಳ್ಳಿ."

ನಿದ್ದೆ ಹತ್ತಿದೆ ಅಂದಳು. ಮಲಗಿದ್ದಾರೆ ಅನ್ನಲಿಲ್ಲ.

ಲೇ, ಇನ್ನೊಂದು ಸಲ ಹೋಗಿ ನೋಡೇ. ಅಮ್ಮ ಹಾಸಿಗೆಯ ಮೇಲಿದ್ದಾಳಾ, ಪಕ್ಕದಲ್ಲಿ ನಿಂತಿದ್ದಾಳಾ?