ಸಕ್ಕರೆ ಬೆಟ್ಟದ ಹಿಂದಿನ ಕೆಂಪು ಪೆಟ್ಟಿಗೆ

ಗ್ಯಾನೆಟ್ ಪಾಯಿಂಟ್, ಕ್ವೀನ್ಸ್‌ಲ್ಯಾಂಡ್
೧೫ ಅಕ್ಟೋಬರ್ ೨೦೨೩, ಭಾನುವಾರ

ಪ್ರೀತಿಯ ಎಲ್ವಾ ಅಕ್ಕ,

ಜುಲೈಯಲ್ಲಿ ನೀನು ಬರೆದ ಕಾಗದಕ್ಕೆ ಅಕ್ಟೋಬರಿನಲ್ಲಿ ಉತ್ತರ ಬರೆಯುತ್ತಿರುವ ಈ ತಮ್ಮನನ್ನು ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮೂರು ಸಲ ನಿನ್ನ ನಂಬರು ಒತ್ತಿ, ಆ ಕಡೆ ಗಂಟೆ ಬಾರಿಸುವ ಮೊದಲೇ ಇಟ್ಟುಬಿಟ್ಟಿದ್ದೇನೆ.

ಮೇವಿಸ್ ಚೆನ್ನಾಗಿದ್ದಾಳೆ. ಈ ವರ್ಷ ಹಿತ್ತಲಲ್ಲಿ ಗೆಣಸು ಎಷ್ಟು ಬಂದಿದೆಯೆಂದರೆ ಚರ್ಚಿನವರಿಗೆಲ್ಲ ಹಂಚಿದರೂ ಮುಗಿಯುತ್ತಿಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿ ದಿನಾ ಅದನ್ನೇ ಬಡಿಸುತ್ತಾಳೆ. “ಬೇಡ ಅಂದ್ರೆ ನಿಮ್ಮಕ್ಕನ ಮನೆಗೆ ಹೋಗಿ ಉಣ್ಣಿ” ಎಂದು ನಿನ್ನೆಯೂ ಗದರಿದಳು. ನಿನ್ನ ಮೊಮ್ಮಗಳ ಫೋಟೋ ಫ್ರಿಜ್ಜಿನ ಬಾಗಿಲ ಮೇಲಿದೆ. ಹಣೆ ನಿನ್ನದೇ, ಗದ್ದ ಮಾತ್ರ ಬೆವನ್ ಭಾವನದು.

ಭಾವ ತೀರಿಕೊಂಡು ಹನ್ನೆರಡು ವರ್ಷವಾಯಿತೆಂದು ನೀನು ಚರ್ಚಿನಲ್ಲಿ ಇಡಿಸಿದ್ದ ಪ್ರಾರ್ಥನೆಗೆ ನಾನು ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೆ ಮೊದಲು ಈ ವರ್ಷ ನಾನು ಕಂಡದ್ದನ್ನು ಹೇಳಬೇಕು. ಕಂಡು ಹನ್ನೊಂದು ದಿನವಾಯಿತು, ಇನ್ನೂ ಎದೆ ಸ್ತಿಮಿತಕ್ಕೆ ಬಂದಿಲ್ಲ.

ಬಂದರಿನ ಸಕ್ಕರೆ ಗೋದಾಮನ್ನು ನೀನು ಹೊರಗಿನಿಂದ ನೋಡಿದ್ದೀಯ. ಅದಕ್ಕೆ ಹೊಸ ಬೆಂಕಿ ಎಚ್ಚರಿಕೆ ಪೆಟ್ಟಿಗೆ ಹಾಕುವ ಕೆಲಸ ಮೇ ತಿಂಗಳಲ್ಲಿ ನನಗೆ ಸಿಕ್ಕಿತು. ಗೋಡೆಯ ಮೇಲೆ ಕೆಂಪು ಪೆಟ್ಟಿಗೆ ಇರುತ್ತದಲ್ಲ, ಬೆಂಕಿ ಕಂಡವರು ಒತ್ತುವುದು, ಅದೇ. ಆದರೆ ಇವಕ್ಕೆ ತಂತಿ ಇಲ್ಲ. ಸಮುದ್ರದ ಉಪ್ಪುಗಾಳಿ, ಸಕ್ಕರೆಯ ಅಂಟು ಎರಡೂ ಸೇರಿ ಅಲ್ಲಿ ಯಾವ ತಂತಿಯನ್ನೂ ನಾಲ್ಕು ವರ್ಷ ಬಾಳಗೊಡುವುದಿಲ್ಲ. ಈ ಪೆಟ್ಟಿಗೆಗಳು ರೇಡಿಯೋದಂತೆ ಗಾಳಿಯಲ್ಲೇ ಸುದ್ದಿ ಕಳಿಸುತ್ತವೆ. ಒತ್ತಿದ ಕೂಡಲೇ ಅರ್ಧ ಮೈಲಿ ಆಚೆಯ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತದೆ, ಸಕ್ಕರೆ ಸಾಗಿಸುವ ಬೆಲ್ಟುಗಳು ತಾವಾಗಿ ನಿಲ್ಲುತ್ತವೆ. ಒಂದು ಕಿಡಿ ಹುಟ್ಟಿಸುವಷ್ಟು ಶಕ್ತಿಯೂ ಒಳಗಿರದಂತೆ ಅವನ್ನು ಮಾಡಿರುತ್ತಾರೆ. ಯಾಕೆಂದರೆ ಸಕ್ಕರೆಯ ಧೂಳು ಗಾಳಿಯಲ್ಲಿ ತೇಲುವಾಗ ಒಂದೇ ಕಿಡಿ ಸಾಕು, ಗೋದಾಮಿಗೆ ಗೋದಾಮೇ ಸಿಡಿಯುತ್ತದೆ. ಧೂಳು ಏನು ಮಾಡಬಲ್ಲದು ಎಂದು ನಿನಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೇ ತಿಂಗಳಲ್ಲಿ ಗೋದಾಮು ಖಾಲಿ. ತೊಳೆದು ಒಣಗಿಸಿದ್ದರು. ಕೊರೆಯುವ ಕೆಲಸವನ್ನೆಲ್ಲ ಆಗಲೇ ಮುಗಿಸಬೇಕು, ಕಬ್ಬಿನ ಹಂಗಾಮು ಶುರುವಾದ ಮೇಲೆ ಡ್ರಿಲ್ಲು ಒಳಗೆ ಒಯ್ಯುವಂತಿಲ್ಲ. ಫೋನು, ಲೈಟರು, ಕೈಗಡಿಯಾರ ಎಲ್ಲ ಗೇಟಿನಲ್ಲೇ ಬಿಚ್ಚಿಟ್ಟು ಒಳಗೆ ಕಾಲಿಟ್ಟು ತಲೆಯೆತ್ತಿ ನೋಡಿದೆ. ಕಂಬವೇ ಇಲ್ಲದ ಚಾವಣಿ. ಈ ತುದಿಯಲ್ಲಿ ನಿಂತವನಿಗೆ ಆ ತುದಿಯ ಮನುಷ್ಯ ಇರುವೆ. ನನ್ನ ಜೊತೆ ರೇಡಿಯೋ ಕೆಲಸದ ರೋವೆನಾ ಇದ್ದಳು. ಫಿಲಿಪ್ಪೀನ್ಸಿನಿಂದ ಬಂದು ಇಪ್ಪತ್ತು ವರ್ಷ ಇಲ್ಲೇ ಇರುವ ಹೆಂಗಸು, ಮೀಟರು ಹಿಡಿದರೆ ಬೇರೆ ಲೋಕವೇ ಬೇಡ. ಅವಳೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಯಾಕೆ ತೆಗ್ದೆ?” ಅಂದೆ. “ಗೊತ್ತಿಲ್ಲ ಡಾರ್ಸಿ. ತೆಗೀಬೇಕು ಅನ್ನಿಸ್ತು” ಅಂದಳು.

ಹದಿನಾಲ್ಕು ಪೆಟ್ಟಿಗೆ ಕೂರಿಸಿದೆವು. ರೋವೆನಾ ಪ್ರತಿಯೊಂದರ ಮುಂದೆ ಮೀಟರು ಹಿಡಿದು ನೋಡಿದಳು, ಹದಿನಾಲ್ಕೂ ಗಟ್ಟಿ ದನಿಯಲ್ಲಿ ಮಾತಾಡಿದವು. ಕಾಗದಕ್ಕೆ ಸಹಿ ಹಾಕುವುದೊಂದೇ ಬಾಕಿ ಇತ್ತು.

ಆಗ ಸಿಕ್ಕಿದವಳು ಡಲ್ಸಿ ಚಿಕ್ಕಮ್ಮ. ಅಮ್ಮನ ಕಡೆಯವಳು, ನಿನ್ನ ಮದುವೆಯಲ್ಲಿ ಗಂಟಲು ಬಿರಿಯುವ ಹಾಗೆ ಹಾಡಿದವಳು. ಅರವತ್ತೊಂದು ವರ್ಷ, ಈಗಲೂ ಅಲ್ಲಿ ಸಕ್ಕರೆ ತಳ್ಳುವ ದೊಡ್ಡ ಯಂತ್ರ ಓಡಿಸುತ್ತಾಳೆ. ಒಂಬತ್ತನೆಯ ಪೆಟ್ಟಿಗೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಏನೋ ಡಾರ್ಸಿ, ಇದು ಕೂಗುತ್ತಾ?”

“ಕೂಗುತ್ತೆ ಚಿಕ್ಕಮ್ಮ. ಈಗಷ್ಟೇ ನೋಡಿದ್ವಿ.”

“ಖಾಲಿ ಮನೇಲಿ ಕೂಗಿದ್ರೆ ಯಾರಿಗ್ ಕೇಳ್ಸಲ್ಲ? ಸೆಪ್ಟೆಂಬರಿಗೆ ಇಲ್ಲಿಂದ ಅಲ್ಲೀವರೆಗೂ ಸಕ್ಕರೆ ಇರುತ್ತೆ. ನಾನು ಅದರ ಹಿಂದ್ಗಡೆ ಇರ್ತೀನಿ. ಆವಾಗ ಬಂದು ಹೇಳು.”

ನಗುತ್ತಲೇ ಹೇಳಿದಳು. ನಾನು ಮಾತ್ರ ಸಹಿಯ ಕಾಗದವನ್ನು ಮಡಚಿ ಜೇಬಿಗಿಟ್ಟೆ. ಮುಖ್ಯಸ್ಥ ಡ್ರೇಪರನ ಕೋಣೆಗೆ ಹೋಗಿ, ಗೋದಾಮು ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡದೆ ಸಹಿ ಹಾಕುವುದಿಲ್ಲ ಎಂದೆ.

“ಮೀಟರು ಸರಿ ಅಂತು, ನಿನ್ ರೋವೆನಾ ಸರಿ ಅಂದ್ಲು. ಇನ್ಯಾರು ಹೇಳ್ಬೇಕು, ದೇವ್ರಾ?” ಎಂದ ಡ್ರೇಪರ್.

“ಸಕ್ಕರೆ ಹೇಳ್ಬೇಕು” ಅಂದೆ.

“ಡಾರ್ಸಿ, ಎಲ್ಲಾರೂ ಖಾಲಿ ಗೋದಾಮಲ್ಲೇ ಸಹಿ ಹಾಕಿ ಹೋಗ್ತಾರೆ. ಮೂವತ್ತು ವರ್ಷದಿಂದ ಹಾಗೇ ನಡ್ದಿರೋದು.”

“ಗೊತ್ತು. ನಾನೂ ಹಾಕಿದೀನಿ.”

ಅವನು ಕೆಂಪಗಾದ. ಬೇರೆ ಗುತ್ತಿಗೆದಾರನನ್ನು ಕರೆಸುತ್ತೇನೆ ಎಂದು ಗದರಿಸಿದ. ಕೊನೆಗೆ, ನಾನು ಸಹಿ ಹಾಕುವ ತನಕ ಪ್ರತಿ ಪಾಳಿಯಲ್ಲೂ ಒಬ್ಬ ಮನುಷ್ಯ ಕೈಯಲ್ಲಿ ಕಹಳೆ ಹಿಡಿದು ಗೋದಾಮಿನೊಳಗೆ ಕಾವಲಿರಬೇಕು ಎಂಬ ಷರತ್ತಿಗೆ ಒಪ್ಪಿಕೊಂಡ. ನಾಲ್ಕು ತಿಂಗಳು ಊರಿನಲ್ಲಿ ನನ್ನ ಹೆಸರೇ ಕಹಳೆ ಎಂದಾಯಿತು. ಮಾಂಸದ ಅಂಗಡಿಯಲ್ಲೂ “ಬಾರಪ್ಪಾ ಕಹಳೆ, ಏನ್ ಕೊಡ್ಲಿ?” ಎನ್ನುತ್ತಿದ್ದರು.

ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಮತ್ತೆ ಒಳಗೆ ಹೋದೆವು. ಅಕ್ಕ, ಇದನ್ನು ಹೇಗೆ ಬರೆಯಲಿ? ಎರಡು ಲಕ್ಷ ಟನ್ ಕಚ್ಚಾ ಸಕ್ಕರೆ. ಕಂದು ಬಣ್ಣದ ಬೆಟ್ಟ. ಬೆಟ್ಟದಂತೆ ಎಂದು ಬರೆಯಲು ಹೊರಟಿದ್ದೆ, ಆದರೆ ಅದಕ್ಕೆ ಇಳಿಜಾರಿತ್ತು, ಕಣಿವೆಯಿತ್ತು, ಶಿಖರದಿಂದ ಸಣ್ಣಗೆ ಜಾರುವ ಸದ್ದಿತ್ತು. ಗಾಳಿಯೇ ಸಿಹಿ, ತುಟಿ ನೆಕ್ಕಿದರೆ ಕಾಕಂಬಿಯ ರುಚಿ. ನಮ್ಮ ಮುತ್ತಜ್ಜನನ್ನು ಟಾನ್ನಾ ದ್ವೀಪದಿಂದ ಹಡಗಿಗೆ ತುಂಬಿಸಿ ತಂದು ಬರಿಗಾಲಲ್ಲಿ ಕಬ್ಬು ಕಡಿಸಿದರಲ್ಲ, ಕಡಿದ ಕಬ್ಬೆಲ್ಲ ಕೊನೆಗೆ ಏನಾಯಿತು ಎಂದು ಆತ ಒಂದು ದಿನವೂ ಕಂಡಿರಲಾರ. ನಾನು ಕಂಡೆ. ಅವನ ಪರವಾಗಿ ಒಂದು ಹಿಡಿ ಎತ್ತಿ ಅಂಗೈಯಲ್ಲಿ ತೂಗಿ ನೋಡಿದೆ.

ರೋವೆನಾ ಒಂದೊಂದೇ ಪೆಟ್ಟಿಗೆ ಪರೀಕ್ಷಿಸುತ್ತ ಹೋದಳು. ಎಂಟರ ತನಕ ಸರಿ. ಒಂಬತ್ತನೆಯದನ್ನು ಒತ್ತಿ, ಬಾಗಿಲಲ್ಲಿ ವಾಕಿಟಾಕಿ ಹಿಡಿದು ನಿಂತವನ ಮೂಲಕ ಕಂಟ್ರೋಲ್ ರೂಮಿಗೆ ಕೇಳಿದರೆ ಗಂಟೆ ಇಲ್ಲ. ಇನ್ನೊಮ್ಮೆ ಒತ್ತಿದಳು, ಇಲ್ಲ. ಸಕ್ಕರೆಯಲ್ಲಿರುವ ತೇವ ರೇಡಿಯೋ ದನಿಯನ್ನು ಹೀರಿಕೊಳ್ಳುತ್ತಿತ್ತು. ಪೆಟ್ಟಿಗೆ ಸರಿಯಾಗಿಯೇ ಕೂಗುತ್ತಿತ್ತು, ಬೆಟ್ಟ ಅದನ್ನು ನುಂಗುತ್ತಿತ್ತು. ಅವಳು ಮೀಟರನ್ನು ನನ್ನ ಕಡೆ ತಿರುಗಿಸಿದಳು, ಮುಳ್ಳು ಮಲಗಿತ್ತು. “ನಾನೇ ಸರಿ ಅಂದಿದ್ದೆ” ಎಂದಳು, ಬಹಳ ಮೆಲ್ಲಗೆ.

ಡ್ರೇಪರನನ್ನು ಕರೆತಂದು ಅವನ ಕೈಯಿಂದಲೇ ಒತ್ತಿಸಿದೆವು. ಗಂಟೆ ಇಲ್ಲ ಎಂದು ಬಾಗಿಲಲ್ಲಿದ್ದ ವಾಕಿಟಾಕಿಯವನು ಕೂಗಿದಾಗ ಅವನ ಮುಖದಲ್ಲಿ ಮೊದಲ ಸಲ ಭಯ ಕಂಡೆ. “ಎಷ್ಟು ಹೊತ್ತು ಬೇಕು ನಿಂಗೆ?” ಅಂದ. ಸಕ್ಕರೆ ತುಂಬಿಸಿಕೊಳ್ಳಲು ಹಡಗು ಬಂದು ನಿಂತಿತ್ತು, ಆದರೂ ಕೇಳಿದ.

ಬೆಲ್ಟು ನಿಲ್ಲಿಸಿ, ಧೂಳು ಇಳಿಯಲು ಬಿಟ್ಟು, ಗಾಳಿಯನ್ನು ಪರೀಕ್ಷಿಸಿ, ನಾವಿಬ್ಬರೂ ಸೂರಿನ ಕೆಳಗಿನ ಕಬ್ಬಿಣದ ಕಾಲುದಾರಿಗೆ ಹತ್ತಿದೆವು. ಅಲ್ಲಿಂದ ನೋಡಿದರೆ ಬೆಟ್ಟದ ನೆತ್ತಿ ನಮ್ಮ ಕಾಲಡಿ. ಕೊರೆಯದೆ, ಬಡಿಯದೆ, ಇದ್ದ ಉಕ್ಕಿನ ತೊಲೆಗೇ ಪಟ್ಟಿ ಬಿಗಿದು, ಕೆಳಗಿನ ಪೆಟ್ಟಿಗೆಗಳ ದನಿ ಹಿಡಿದು ಮುಂದಕ್ಕೆ ದಾಟಿಸುವ ಸಣ್ಣ ಸಾಧನವೊಂದನ್ನು ಕೂರಿಸಿದೆವು. ಕೆಳಗೆ ಚಿಕ್ಕಮ್ಮ ಒಂಬತ್ತನೆಯದನ್ನು ಒತ್ತಿದಳು. ಅರ್ಧ ಮೈಲಿ ಆಚೆ ಗಂಟೆ ಹೊಡೆಯಿತು. ಹದಿನಾಲ್ಕನ್ನೂ ಮತ್ತೆ ಮೊದಲಿನಿಂದ ಒತ್ತಿಸಿ ನೋಡಿ, ಆಮೇಲೆ ಸಹಿ ಹಾಕಿದೆ.

ಅಕ್ಟೋಬರ್ ನಾಲ್ಕರಂದು ಅದರ ಮೊದಲ ತಪಾಸಣೆಗೆಂದು ಹೋಗಿದ್ದೆ. ಬೆಳಿಗ್ಗೆ ಹತ್ತು ನಲವತ್ತು. ಕಂಟ್ರೋಲ್ ರೂಮಿನಲ್ಲಿ ಡ್ರೇಪರ್ ನನಗೆ ಟೀ ಬಗ್ಗಿಸುತ್ತಿದ್ದ. ಗಂಟೆ ಹೊಡೆಯಿತು. ಫಲಕದಲ್ಲಿ ಒಂಬತ್ತು ಎಂದು ಬೆಳಗಿತು.

“ನಿನ್ ಟೆಸ್ಟಾ ಇದು?” ಎಂದ ಡ್ರೇಪರ್.

“ಅಲ್ಲ. ನಾನಿನ್ನೂ ಶುರುನೇ ಮಾಡಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟರಲ್ಲಿ ಬೆಲ್ಟುಗಳೆಲ್ಲ ನಿಂತವು. ಯಾವಾಗಲೂ ಇರುವ ಆ ಗುಡುಗಿನಂಥ ಸದ್ದು ನಿಂತು, ಸೈರನ್ ಒಂದೇ ಉಳಿಯಿತು. ಕಿಟಕಿಯಿಂದ ನೋಡಿದೆ. ಗೋದಾಮಿನ ಬಾಗಿಲುಗಳಿಂದ ಜನ ಹೊರಬರುತ್ತಿದ್ದರು, ಓಡದೆ, ಬಿರುಸಾಗಿ ನಡೆಯುತ್ತ. ನಾನೂ ಡ್ರೇಪರನೂ ಕೆಳಗಿಳಿದು ಎಲ್ಲರೂ ಸೇರುವ ಮೈದಾನಕ್ಕೆ ಓಡಿದೆವು. ಅವನು ತಲೆ ಎಣಿಸಿದ. ಹದಿನೆಂಟು. ಹತ್ತೊಂಬತ್ತಿರಬೇಕು. ಮತ್ತೆ ಎಣಿಸಿದ, ಹದಿನೆಂಟೇ.

ಆ ನಿಮಿಷದ ಬಗ್ಗೆ ಬರೆಯಲಾರೆ ಅಕ್ಕ.

ಆಮೇಲೆ ಹಿಂದಿನ ಬಾಗಿಲ ಕಡೆಯಿಂದ ಗೋದಾಮನ್ನು ಸುತ್ತು ಹಾಕಿಕೊಂಡು ಡಲ್ಸಿ ಚಿಕ್ಕಮ್ಮ ಬಂದಳು. ಮೈಯೆಲ್ಲ ಕಂದು ಧೂಳು, ಕಣ್ಣು ಮಾತ್ರ ಬೆಳ್ಳಗೆ. “ಏನ್ ಹಾಗ್ ನೋಡ್ತೀರೋ, ಸತ್ತೋಳ್ನ ನೋಡ್ದಂಗೆ? ಆ ಕಡೆ ಬಾಗ್ಲಿಂದ ಬಂದೆ. ಮಂಡಿ ನೋವು, ಹೊತ್ತಾಯ್ತು” ಎಂದಳು.

ಬೆಟ್ಟದಡಿಯ ಸುರಂಗದಲ್ಲಿ ಬೆಲ್ಟಿನ ಒಂದು ಉರುಳೆ ಕಚ್ಚಿಕೊಂಡು ಕೆಂಪಗೆ ಕಾದಿತ್ತು. ಸುಟ್ಟ ರಬ್ಬರಿನ ವಾಸನೆ ಚಿಕ್ಕಮ್ಮನ ಮೂಗಿಗೆ ಬಂದಿತ್ತು, ಒಂಬತ್ತನೆಯದನ್ನು ಒತ್ತಿದವಳು ಅವಳೇ. ಬೆಲ್ಟು ಇನ್ನು ಹತ್ತು ನಿಮಿಷ ಓಡಿದ್ದರೆ ಧೂಳಿಗೆ ಹತ್ತಿಕೊಳ್ಳುತ್ತಿತ್ತು ಎಂದ ಅಗ್ನಿಶಾಮಕದವನು. ನೀರು ಚಿಮುಕಿಸಿ ಉರುಳೆಯನ್ನು ತಣ್ಣಗೆ ಮಾಡಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಹತ್ತೊಂಬತ್ತು ಜನ ಅವತ್ತು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿದರು.

ಬೆರಳಿನ ಒಂದು ಒತ್ತು. ಅದು ಕಣ್ಣಿಗೆ ಕಾಣದೆ ಗಾಳಿಯಲ್ಲಿ ಮೇಲೇರಿ, ಎರಡು ಲಕ್ಷ ಟನ್ ಬೆಟ್ಟವನ್ನು ದಾಟಿ, ಟೀ ಬಗ್ಗಿಸಿಕೊಳ್ಳುತ್ತಿದ್ದ ನಮ್ಮ ಕಿವಿಗೆ ಬಂತು. ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ, ನಾನು ಮಾಡುವುದು ಏನು ಎಂದು ಅವತ್ತು ಅರ್ಥವಾಯಿತು. ಡ್ರೇಪರ್ ನೆಲದ ಮೇಲೆ ಕುಕ್ಕರಿಸಿ ಕುಳಿತುಬಿಟ್ಟ. ನಾನು ಚಿಕ್ಕಮ್ಮನ ಕೈ ಹಿಡಿದುಕೊಂಡು ಅತ್ತೆ. “ಅಯ್ಯೋ ಹುಚ್ಚಪ್ಪಾ, ಬದುಕಿದೀನಲ್ಲೋ!” ಎಂದು ಬೆನ್ನು ತಟ್ಟಿದಳು. ಅವಳಿಗಾಗಿ ಅಳುತ್ತಿದ್ದೇನೆ ಎಂದುಕೊಂಡಳು.

ಇಷ್ಟೇ ಸುದ್ದಿ. ನಿನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆಗಲಿ. ದೇವರು ನಿನ್ನನ್ನೂ ಮಕ್ಕಳನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಳ್ಳಲಿ. ಮೇವಿಸ್ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿನ್ನ ತಮ್ಮ,
ಡಾರ್ಸಿ

ತಾ.ಕ.: ಪ್ರಾರ್ಥನೆಗೆ ಯಾಕೆ ಬರಲಿಲ್ಲ ಎಂದು ಮೇಲೆ ಬರೆಯಲು ಕೈ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಭಾವ ಸತ್ತ ಆ ಮೇವಿನ ಕಾರ್ಖಾನೆಯ ಪೆಟ್ಟಿಗೆಗಳನ್ನು ಪರೀಕ್ಷಿಸಿದವನು ನಾನು ಎಂದು ನಿನಗೆ ಗೊತ್ತು. ಏಳು ಪೆಟ್ಟಿಗೆ. ನಾನು ಪರೀಕ್ಷಿಸಿದ್ದು ಆರು. ಏಳನೆಯದು ಚೀಲಗಳ ಹಿಂದೆ ಇತ್ತು. ಶುಕ್ರವಾರ ಮಧ್ಯಾಹ್ನ, ಮೀನು ಹಿಡಿಯಲು ಹೋಗೋಣವೆಂದು ಪಾಳಿ ಮುಗಿಸಿ ಭಾವನೇ ಗೇಟಿನಲ್ಲಿ ಕಾಯುತ್ತಿದ್ದ, “ಬಾರೋ ಬೇಗ” ಎಂದು ಕೂಗುತ್ತಿದ್ದ. ಏಳೂ ಸರಿ ಎಂದು ಬರೆದು ಸಹಿ ಹಾಕಿದೆ. ಐದು ವಾರದ ಮೇಲೆ ಮೇವಿನ ಧೂಳಿಗೆ ಬೆಂಕಿ ತಗುಲಿ ಕಾರ್ಖಾನೆ ಸಿಡಿಯಿತು.

ನನ್ನ ಸಹಿಯನ್ನು ನಂಬಿಯೇ ವಿಚಾರಣೆಯವರು, ಪೆಟ್ಟಿಗೆ ಸರಿಯಿತ್ತು, ಯಾರೂ ಒತ್ತಲಿಲ್ಲ ಎಂದರು. ಬೆಂಕಿ ಮೊದಲು ಕಂಡವನು ಬೆವನ್, ಯಾರಿಗೂ ಹೇಳದೆ ಓಡಲು ನೋಡಿದ, ಅದಕ್ಕೇ ಕೆಳಗೆ ಕೆಲಸದಲ್ಲಿದ್ದ ಉಳಿದಿಬ್ಬರೂ ಸತ್ತರು ಎಂದು ಊರು ಮಾತಾಡಿಕೊಂಡಿತು. ಆ ಎರಡು ಮನೆಯವರು ಚರ್ಚಿನಲ್ಲಿ ನಿನ್ನ ಪಕ್ಕದಿಂದ ಎದ್ದುಹೋದರು. ನೀನು ಊರು ಬಿಟ್ಟೆ. ಸಾಮಾನು ಲಾರಿಗೆ ತುಂಬಿಸಿದವನು ನಾನೇ.

ಸ್ಫೋಟದ ಮರುದಿನ ತಂತಿ ಬಿಚ್ಚಲು ನನ್ನನ್ನು ಒಳಗೆ ಕಳಿಸಿದ್ದರು. ಏಳನೆಯ ಪೆಟ್ಟಿಗೆಯ ಗೋಡೆ ನಿಂತಿತ್ತು. ಗಾಜನ್ನು ಒಳಕ್ಕೆ ಒತ್ತಲಾಗಿತ್ತು. ಸಿಡಿತಕ್ಕೆ ಒಡೆದದ್ದಲ್ಲ, ಹೆಬ್ಬೆರಳಿಟ್ಟು ಒತ್ತಿದ್ದು, ನಾನು ಗುರುತಿಸಬಲ್ಲೆ. ಚೀಲಗಳನ್ನು ಪಕ್ಕಕ್ಕೆ ಎಳೆದು ಹಾಕಲಾಗಿತ್ತು. ಪೆಟ್ಟಿಗೆಯ ಹಿಂದೆ ತಂತಿ ಹಸಿರುಗಟ್ಟಿ ತುಂಡಾಗಿತ್ತು. ಪೆಟ್ಟಿಗೆಯನ್ನು ಕಳಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಹನ್ನೆರಡು ವರ್ಷದಿಂದ ನನ್ನ ಬಳಿಯೇ ಇದೆ.

ಭಾವ ಓಡಲಿಲ್ಲ ಅಕ್ಕ. ಚೀಲ ಎಳೆದು ಪೆಟ್ಟಿಗೆ ಹುಡುಕಿ ಒತ್ತಿದ. ಗಂಟೆ ಹೊಡೆಯದೇ ಇದ್ದಾಗ ಆ ಇಬ್ಬರನ್ನು ಬಾಯಲ್ಲಿ ಕೂಗಿ ಎಚ್ಚರಿಸಲು ಕೆಳಗೆ ಇಳಿದ. ಅವರ ಜೊತೆ ಅವನ ಹೆಣ ಸಿಕ್ಕಿದ್ದು ಅದಕ್ಕೆ.

ಈ ಕಾಗದ ನಿನಗೆ ಬುಧವಾರ ಸಿಗುತ್ತದೆ. ಗುರುವಾರ ಪೆಟ್ಟಿಗೆ ತೆಗೆದುಕೊಂಡು ವಿಚಾರಣಾಧಿಕಾರಿಯ ಕಚೇರಿಗೆ ಹೋಗುತ್ತೇನೆ. ಶುಕ್ರವಾರ ಆ ಎರಡು ಮನೆಗಳಿಗೆ ಹೋಗುತ್ತೇನೆ, ನೀನು ಹೋಗಬೇಕಾಗಿಲ್ಲ. ಶನಿವಾರ ನಿನ್ನ ಗೇಟಿನ ಹೊರಗೆ ಕಾರಿನಲ್ಲಿ ಕುಳಿತಿರುತ್ತೇನೆ. ಒಳಗೆ ಕರೆಯದಿದ್ದರೂ ಸರಿ. ಸಂಜೆಯ ತನಕ ಇದ್ದು ಹೊರಡುತ್ತೇನೆ.