ನಾವು ಸೋವಿಯತ್ ಜನ

ತಾಷ್ಕೆಂಟ್
28 ಮಾರ್ಚ್ 1993

ಪ್ರೀತಿಯ ಫ್ರೀದಾ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಚಳಿಗಾಲದಲ್ಲೇ ಬಂತು. ಉತ್ತರ ತಡವಾಯಿತು, ಬೈಯಬೇಡ. ಅದರಲ್ಲಿನ ಒಂದು ಮಾತು ಮನಸ್ಸಿಗೆ ಚುಚ್ಚಿಕೊಂಡು, ಪೆನ್ನು ಹಿಡಿದಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು. ಅದಿರಲಿ, ಮೊದಲು ಸುದ್ದಿ ಕೇಳು.

ನಿನ್ನ ಹಾಲುಮಗ ಅನ್ವರ್ ತಂದೆಯಾಗಲಿದ್ದಾನೆ! ಸೊಸೆ ನಿಲುಫರ್‌ಗೆ ಹುಳಿ ಬಿಟ್ಟು ಬೇರೇನೂ ಸೇರುತ್ತಿಲ್ಲ. ನೀನು ಬಿಟ್ಟುಹೋದ ಮನೆಗೆ ಬಂದವರು ಮಾತಿಲ್ಲದ ಜನ, ಬಾಗಿಲು ಸದಾ ಮುಚ್ಚಿರುತ್ತದೆ. ಅದನ್ನು ನೋಡಿದರೆ ನನಗೆ ಸಂಕಟ.

ನವ್‌ರೋಜ್ ಹಬ್ಬಕ್ಕೆ ಎಂದಿನಂತೆ ಅಂಗಳದಲ್ಲಿ ಮೇಜು ಹಾಕಿದೆವು. ಪಲಾವ್ ನನ್ನದು. ನಿನ್ನ ಮೀನಿನುಂಡೆಯನ್ನೂ ನಾನೇ ಮಾಡಲು ಹೋಗಿ ಕೆಡಿಸಿದೆ. ನಮ್ಮ ಬೂಟು ಹೊಲಿಯುವ ಅರ್ಮೇನಿಯನ್ ಮುದುಕ ಸುರೇನ್ ಪ್ರತಿವರ್ಷದಂತೆ ಲೋಟ ಎತ್ತಿ ನಿಂತ. "ನಮ್ಮ ಸೋವಿಯತ್ ಜನಕ್ಕೆ..." ಅಂದವನು ಅಲ್ಲೇ ತಡವರಿಸಿದ.

ನಿಲುಫರ್ ಕಿಸಕ್ಕನೆ ನಕ್ಕಳು. "ತಾತ, ಆ ದೇಶಾನೇ ಇಲ್ವಲ್ಲ!"

"ದೇಶ ಹೋದ್ರೆ ಹೋಗ್ಲಿ ಕಣಮ್ಮ. ನಾವೆಲ್ಲಿ ಹೋದ್ವಿ? ಇಲ್ಲೇ ಕೂತಿದೀವಲ್ಲ!" ಅಂದ ಸುರೇನ್. ಆಮೇಲೆ ನೀನು ಕೂರುತ್ತಿದ್ದ ಜಾಗ ನೋಡಿ ಲೋಟ ಕೆಳಗಿಟ್ಟ.

"ಸೋವಿಯತ್ ಜನ" ಅನ್ನುವ ಮಾತು ನಿನ್ನ ಬಾಯಲ್ಲೇ ಚಂದ, ಫ್ರೀದಾ. ರೇಡಿಯೋದವರು ಅಂದರೆ ಭಾಷಣ, ನೀನಂದರೆ ಮನೆಮಾತು. ಬಿಸಿನೀರು ನಿಂತರೆ, "ಏನಾಗಲ್ಲ ಬಾರೇ ರಾನೋ, ಸೋವಿಯತ್ ಜನ ನಾವು, ತಣ್ಣೀರಿಗೆ ಸಾಯಲ್ಲ." ಹೊಸ ಬೂಟು ಕಚ್ಚಿದರೆ, "ಬೂಟೂ ಸೋವಿಯತ್, ಕಾಲೂ ಸೋವಿಯತ್, ಹೊಂದ್ಕೊಳ್ತವೆ ಬಿಡು." ಬ್ರೆಡ್ಡಿನ ಸಾಲಿನಲ್ಲಿ ನಡುವೆ ನುಗ್ಗಿದವನಿಗೆ, "ಏನಪ್ಪಾ, ನೀನು ಸೋವಿಯತ್ ಮನುಷ್ಯ ಹೌದೋ ಅಲ್ವೋ?" ಬೈಯುವುದಕ್ಕೂ ಅದೇ, ಸಮಾಧಾನಕ್ಕೂ ಅದೇ. ದೊಡ್ಡವರು ಅದಕ್ಕೆ ಏನೇನು ಅರ್ಥ ಇಟ್ಟಿದ್ದರೋ, ನನಗಂತೂ ಆ ಜನ ಅಂದರೆ ಈ ಅಂಗಳದವರು, ಅವರಲ್ಲೂ ಮೊದಲು ನೀನು.

ನಿನ್ನ ಮಗಳು ರಾಯಾಗೆ ನನ್ನ ಮುತ್ತು. ಇಸ್ರೇಲಿನ ಬಿಸಿಲಿಗೆ ನಿನ್ನ ಮೊಣಕಾಲು ನೋವು ಇಳಿಯಲಿ. ನಿಮ್ಮ ಮನೆಯ ಬಾಗಿಲು ತೆರೆದಿರಲಿ, ಒಲೆ ಬೆಚ್ಚಗಿರಲಿ.

ನಿನ್ನ
ರಾನೋ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. "ಕೊನೆಗೂ ನಮ್ಮ ಜನರ ನಡುವೆ ಬಂದು ಸೇರಿದೆವು" ಎಂದು ಬರೆದಿದ್ದೀಯ. ನಿನ್ನ ಸಂತೋಷ ನನಗೂ ಸಂತೋಷವೇ. ಆದರೆ ಭೂಕಂಪದ ವರ್ಷ, ಭಯಕ್ಕೆ ನನ್ನ ಹಾಲು ಬತ್ತಿಹೋದಾಗ, ಆ ಗುಡಾರದಲ್ಲಿ ರಾಯಾಳನ್ನು ಒಂದು ಮಗ್ಗುಲಿಗೆ, ನನ್ನ ಅನ್ವರನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಎದೆಹಾಲು ಕೊಟ್ಟೆಯಲ್ಲ, ಆಗ ನಾವು ನಿನ್ನ ಜನ ಆಗಿರಲಿಲ್ಲವೇ, ಫ್ರೀದಾ?