ಬಗ್ಗಿ ತಟ್ಟಿದ ಚಪ್ಪಾಳೆ

ಇನ್‌ಸ್ಪೆಕ್ಟರ್ ಸಾಹೇಬರಿಗೆ, ಕಳಲೆಯ ನಂಜುಂಡೇಶ್ ಬರೆಯುವುದು.

ತಾಂಡ್ಯದ ಟೀ ಅಂಗಡಿಯಲ್ಲಿ ಜಾಂಬಿಯಾದ ವಿದ್ಯಾರ್ಥಿ ಮುಲೆಂಗಾ ಮೊದಲು ನಮ್ಮ ಮೇಲೆ ಕೈ ಮಾಡಿದನೆಂದು ನಾನು ಕೊಟ್ಟ ಹೇಳಿಕೆ ಸುಳ್ಳು. ಅವನು ನಮ್ಮೆದುರು ಬಗ್ಗಿ ಮೆಲ್ಲಗೆ ಚಪ್ಪಾಳೆ ತಟ್ಟಿದ, ಅಷ್ಟೆ.

"ನಮ್ಮೊಳ್ಗೆ ಬುಕ್ ಓದೋನು ನೀನೊಬ್ನೆ ಕಣ್ಲಾ, ಏನದು?" ಎಂದ ಗೆಳೆಯ ಮಾದೇಶ.

ನಾನು ಓದಿದ್ದ ಹಳೆಯ ಸಾಹಸ ಕಾದಂಬರಿಯಲ್ಲಿ ಆಫ್ರಿಕಾದವರು ಚಪ್ಪಾಳೆ ತಟ್ಟಿ ಈಟಿ ಎಸೆಯುತ್ತಾರೆ.

"ಕೊಲ್ಲೋಕ್ ಮುಂಚೆ ಇಂಗೇ ತಟ್ತಾರೆ ಕಣ್ಲಾ" ಎಂದೆ. ಕಬ್ಬಿಣದ ಸರಳಿನಿಂದ ಮೊದಲು ಹೊಡೆದವನೂ ನಾನೇ. ಬಿದ್ದ ಮೇಲೂ ಹೊಡೆದೆ. ಅವನ ಎಡಗಣ್ಣು ಹೋಯಿತು.

ಅವರ ಊರಲ್ಲಿ ಅದು ನಮಸ್ಕಾರವೆಂದು ಆಸ್ಪತ್ರೆಯಲ್ಲಿ ಅವನ ಸಹಪಾಠಿಗಳ ಮಾತಿನಿಂದ ಗೊತ್ತಾಯಿತು. ಪುಸ್ತಕ ಬರೆದವನು ಆ ಜನರನ್ನು ನೋಡಿರಲಿಲ್ಲವೇನೋ. ಆದರೆ ಮುಲೆಂಗಾ ಚಪ್ಪಾಳೆ ತಟ್ಟುವಾಗ ನಾನು ಅವನ ಮುಖ ನೋಡುತ್ತಲೇ ಇದ್ದೆ. ಅವನು ನಗುತ್ತಿದ್ದ.

ಅವನ ಮೇಲಿನ ಕೇಸು ತೆಗೆದು ನನ್ನ ಮೇಲೆ ಹಾಕಿ. ನಾಳೆ ಹತ್ತು ಗಂಟೆಗೆ ಸರಳಿನೊಂದಿಗೆ ಠಾಣೆಗೆ ಬರುತ್ತೇನೆ. ದಯವಿಟ್ಟು ಮನೆಗೆ ಜೀಪು ಕಳಿಸಬೇಡಿ, ಅವ್ವನಿಗೆ ನಾನೇ ಹೇಳಬೇಕು.

ಇಂತಿ,
ನಂಜುಂಡೇಶ್